ಮಾರ್ಕ್ ನಾಫ್ಲರ್ ಸಿನಿಮಾದಲ್ಲಿ, ಟೀವಿಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಸರು ಹೇಳುವುದು ಹೇಗೆ? ಕ್ನಾಪ್ಫ್ಲರಾ, ನಾಪ್ಲರಾ?

ನಾಫ್ಲರ್. ಇಂಗ್ಲಿಷ್ ಬರಹದಲ್ಲಿ ಮೊದಲಿಗೆ ಬರುವ 'ಕೆ' ಬಾಯಿಗೆ ಬರುವುದಿಲ್ಲ. ಆದರೆ ಆ್ಯಪ್‌ಗಳಲ್ಲಿ ಹುಡುಕುವಾಗ 'ಕೆ' ಬಿಟ್ಟು ಟೈಪ್ ಮಾಡಿದರೆ ಬೇರೆ ಯಾರದೋ ಹಾಡು ಬಂದು ಕೂರುತ್ತದೆ. ಅವರ ಬ್ಯಾಂಡಿನ ಹೆಸರು 'ಡೈರ್ ಸ್ಟ್ರೇಟ್ಸ್' ಎಂದು ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಸಿನಿಮಾಗೆ ಮಾಡಿದ ಆಲ್ಬಂಗಳೆಲ್ಲ ಬ್ಯಾಂಡಿನ ಹೆಸರಿನಲ್ಲಿಲ್ಲ, ಅವರ ಸ್ವಂತ ಹೆಸರಿನಲ್ಲಿವೆ.

ಚುಟುಕಾಗಿ ಹೇಳಿ, ಯಾರಿವರು?

ಬ್ರಿಟನ್ನಿನ ರಾಕ್ ಗಿಟಾರ್ ವಾದಕ, ಗಾಯಕ, ಹಾಡು ಬರೆಯುವವರು. 1949ರ ಆಗಸ್ಟ್ 12ರಂದು ಗ್ಲಾಸ್ಗೋದಲ್ಲಿ ಹುಟ್ಟಿದವರು, ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್ ಸೀಮೆಯಲ್ಲಿ ಬೆಳೆದವರು. ಲೀಡ್ಸ್‌ನಲ್ಲಿ ಪತ್ರಿಕಾ ವರದಿಗಾರ, ಆಮೇಲೆ ಕಾಲೇಜು ಮೇಷ್ಟ್ರು. 1977ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ತಮ್ಮ ಡೇವಿಡ್, ಬಾಸ್ ನುಡಿಸುವ ಜಾನ್ ಇಲ್ಸ್ಲಿ, ಡ್ರಮ್ಮರ್ ಪಿಕ್ ವಿದರ್ಸ್ ಜೊತೆ ಬ್ಯಾಂಡ್ ಕಟ್ಟಿದರು. ಡೈರ್ ಸ್ಟ್ರೇಟ್ಸ್ ಎಂದರೆ ಕೈಯಲ್ಲಿ ಕಾಸಿಲ್ಲದ ಸ್ಥಿತಿ, ಆಗ ಅವರದ್ದು ಅದೇ ಸ್ಥಿತಿ. 120 ಪೌಂಡ್ ಖರ್ಚು ಮಾಡಿ ಐದು ಹಾಡುಗಳ ಡೆಮೊ (ಮಾದರಿ ರೆಕಾರ್ಡಿಂಗ್) ಮಾಡಿಸಿದರು. ಬಿಬಿಸಿ ರೇಡಿಯೋ ಲಂಡನ್‌ನಲ್ಲಿ ಚಾರ್ಲಿ ಗಿಲೆಟ್ ಅದರಲ್ಲಿದ್ದ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಕಿದರು, ರೆಕಾರ್ಡ್ ಕಂಪನಿಗಳು ತಾವಾಗಿ ಬಂದವು. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಹತ್ತು ಲಕ್ಷ ಪ್ರತಿ ದಾಟಿದ ಮೊದಲ ಸೀಡಿ. 1995ಕ್ಕೆ ಬ್ಯಾಂಡ್ ಪೂರ್ತಿ ಮುಗಿಯಿತು. ಆಮೇಲಿನದ್ದೆಲ್ಲ ಒಂಟಿ ಪಯಣ: 1996ರ 'ಗೋಲ್ಡನ್ ಹಾರ್ಟ್'ನಿಂದ 2024ರ 'ಒನ್ ಡೀಪ್ ರಿವರ್' ತನಕ.

ಸಿನಿಮಾದಲ್ಲಿ ಅವರ ಹಾಡು ಬರುವುದು, ಸಿನಿಮಾಗೆ ಅವರು ಸಂಗೀತ ಮಾಡುವುದು: ಎರಡೂ ಒಂದೇ ಅಲ್ಲವೇ?

ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ನಮ್ಮ ಕನ್ನಡ ಸಿನಿಮಾದಲ್ಲಿ 'ಸಂಗೀತ' ಎಂದು ಒಂದು ಹೆಸರು ಬಂದರೆ ಹಾಡುಗಳೂ, ಎಷ್ಟೋ ಸಲ ಹಿನ್ನೆಲೆ ಸಂಗೀತವೂ ಅವರದ್ದೇ, ಎರಡೂ ಆ ಚಿತ್ರಕ್ಕೆಂದೇ ಹುಟ್ಟಿದ್ದು. ಅಲ್ಲಿ ಹಾಗಲ್ಲ. ದೃಶ್ಯ ನೋಡಿಕೊಂಡು, ಸೆಕೆಂಡು ಲೆಕ್ಕ ಹಾಕಿ ಹೊಸದಾಗಿ ಬರೆಯುವ ಹಿನ್ನೆಲೆ ಸಂಗೀತ ಒಂದು ಕೆಲಸ. ಹತ್ತು ವರ್ಷದ ಹಿಂದೆ ಬೇರೆ ಯಾವುದೋ ಕಾರಣಕ್ಕೆ ಹುಟ್ಟಿದ ಹಾಡನ್ನು ಹಣ ಕೊಟ್ಟು ತಂದು ದೃಶ್ಯದ ಕೆಳಗೆ ಹಾಸುವುದು ಇನ್ನೊಂದು. ಎರಡನೆಯದರಲ್ಲಿ ಹಾಡಿದವನ ಕೈ ಏನೂ ಇರುವುದಿಲ್ಲ, ಒಪ್ಪಿಗೆಯ ಸಹಿ ಬಿಟ್ಟರೆ. ನಾಫ್ಲರ್ ಎರಡೂ ಕಡೆ ಇದ್ದಾರೆ. ರಾಕ್‌ನವರಲ್ಲಿ ಎರಡರಲ್ಲೂ ಇಷ್ಟು ಗಟ್ಟಿಯಾಗಿ ನಿಂತವರು ಕಡಿಮೆ.

ಅವರೇ ಸಂಗೀತ ಕೊಟ್ಟ ಚಿತ್ರಗಳು ಯಾವುವು?

'ಲೋಕಲ್ ಹೀರೋ' (1983), 'ಕ್ಯಾಲ್' ಮತ್ತು 'ಕಂಫರ್ಟ್ ಅಂಡ್ ಜಾಯ್' (ಎರಡೂ 1984), 'ದ ಪ್ರಿನ್ಸೆಸ್ ಬ್ರೈಡ್' (1987), 'ಲಾಸ್ಟ್ ಎಕ್ಸಿಟ್ ಟು ಬ್ರೂಕ್ಲಿನ್' (1989), 'ಮೆಟ್ರೋಲ್ಯಾಂಡ್' ಮತ್ತು 'ವ್ಯಾಗ್ ದ ಡಾಗ್' (ಎರಡೂ 1997), ಸ್ಕಾಟ್ಲೆಂಡಿನ ಫುಟ್‌ಬಾಲ್ ಕುರಿತ 'ಎ ಶಾಟ್ ಅಟ್ ಗ್ಲೋರಿ', ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಜೊತೆ ಮಾಡಿದ 'ಅಲ್ತಮೀರಾ' (2016).

ಕೊಳ್ಳುವವರಿಗೆ ಎರಡು ಎಚ್ಚರಿಕೆ. 'ಕಂಫರ್ಟ್ ಅಂಡ್ ಜಾಯ್'ಗೆ ಪೂರ್ತಿ ಆಲ್ಬಂ ಬರಲೇ ಇಲ್ಲ, ಮೂರು ಟ್ರ್ಯಾಕಿನ ಇಪಿ (ಚಿಕ್ಕ ರೆಕಾರ್ಡ್) ಅಷ್ಟೇ. 'ವ್ಯಾಗ್ ದ ಡಾಗ್' ಆಲ್ಬಂ ಅರ್ಧ ಗಂಟೆಯೂ ಇಲ್ಲ. ಪೂರ್ತಿ ಬೆಲೆ ಕೊಟ್ಟು ಆಮೇಲೆ ಬೈದುಕೊಳ್ಳಬೇಡಿ. ಮೊದಲ ಸಲ ಕೇಳುವವರಿಗೆ 1993ರ 'ಸ್ಕ್ರೀನ್‌ಪ್ಲೇಯಿಂಗ್' ಸಾಕು, ಅದರಲ್ಲಿ ನಾಲ್ಕು ಚಿತ್ರಗಳ ಆಯ್ದ ಭಾಗಗಳಿವೆ. ಅದಾದ ಮೇಲೆ 'ಕ್ಯಾಲ್' ತಗೊಳ್ಳಿ. ಲಿಯಾಮ್ ಓಫ್ಲಿನ್ ಅವರ ಐರಿಷ್ ಪೈಪು, ಪಾಲ್ ಬ್ರೇಡಿಯ ಕೊಳಲು ಇರುವ ಈ ಆಲ್ಬಂ ಸುಮ್ಮಸುಮ್ಮನೆ ಮೂಲೆಗೆ ಬಿದ್ದಿದೆ.

'ಲೋಕಲ್ ಹೀರೋ' ಸಂಗೀತದಲ್ಲಿ ಅಂಥದ್ದೇನಿದೆ?

ನಿರ್ದೇಶಕ ಬಿಲ್ ಫಾರ್ಸಿತ್, ನಿರ್ಮಾಪಕ ಡೇವಿಡ್ ಪಟ್ನಮ್. ಅಮೆರಿಕದ ಹ್ಯೂಸ್ಟನ್‌ನಿಂದ ತೈಲ ಕಂಪನಿಯವನೊಬ್ಬ ಸ್ಕಾಟ್ಲೆಂಡಿನ ಕಡಲಂಚಿನ ಹಳ್ಳಿಯನ್ನು ಇಡಿಯಾಗಿ ಕೊಂಡುಕೊಳ್ಳಲು ಬಂದು, ಹಳ್ಳಿಗೇ ಮನಸೋಲುವ ಕತೆ. ನಾಫ್ಲರ್‌ಗೆ ಇದು ಮೊದಲ ಚಿತ್ರ. ಬ್ಯಾಂಡಿನ ಜೋರು ಗಿಟಾರನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೀಬೋರ್ಡಿನ ತೆಳು ಹಾಸು, ಅದರ ಮೇಲೆ ಅಲ್ಲೊಂದು ಇಲ್ಲೊಂದು ತಂತಿ.

ಕೊನೆಯ ಎರಡು ನಿಮಿಷ ಗಮನಿಸಿ. ಅವನು ಹ್ಯೂಸ್ಟನ್ನಿನ ಫ್ಲ್ಯಾಟಿಗೆ ವಾಪಸಾಗುತ್ತಾನೆ. ಜೇಬಿನಿಂದ ಕಡಲ ಚಿಪ್ಪು, ಕಲ್ಲು ತೆಗೆದು ಅಡುಗೆಮನೆ ಕಟ್ಟೆಯ ಮೇಲಿಡುತ್ತಾನೆ. ಬಾಲ್ಕನಿಗೆ ಹೋಗಿ ದೀಪ ತುಂಬಿದ ನಗರ ನೋಡುತ್ತಾನೆ. ತಟ್ಟನೆ ದೃಶ್ಯ ಹಳ್ಳಿಗೆ ಹಾರುತ್ತದೆ: ದೂರದಲ್ಲಿ ಕೆಂಪು ಟೆಲಿಫೋನ್ ಬೂತ್, ಅದರಲ್ಲಿ ಫೋನು ರಿಂಗಾಗುತ್ತಿದೆ, ಎತ್ತುವವರಿಲ್ಲ. ಆಮೇಲಷ್ಟೇ ಚಿತ್ರದ ಮುಖ್ಯ ಧುನ್ 'ಗೋಯಿಂಗ್ ಹೋಮ್' ಪೂರ್ತಿ ಕಿತ್ತುಕೊಂಡು ಬರುತ್ತದೆ. ಅದೇ ಸಂಗೀತವನ್ನು ಫೋನಿಗಿಂತ ಮೊದಲೇ ಹಾಕಿದ್ದರೆ 'ಈಗ ಅಳಿ' ಎಂದು ಹೇಳಿದಂತಾಗುತ್ತಿತ್ತು. ತಡೆದು ಬಿಟ್ಟಿದ್ದಕ್ಕೇ ಅದು ಹೊಟ್ಟೆಗೆ ತಾಕುತ್ತದೆ.

ಆಲ್ಬಂನಲ್ಲಿ ಈ ಟ್ರ್ಯಾಕಿನ ಸ್ಯಾಕ್ಸೋಫೋನ್ ಮೈಕಲ್ ಬ್ರೆಕರ್ ಅವರದ್ದು. ಗೆರಿ ರಾಫರ್ಟಿ ಹಾಡಿದ 'ದ ವೇ ಇಟ್ ಆಲ್ವೇಸ್ ಸ್ಟಾರ್ಟ್ಸ್' ಒಂದರಲ್ಲೇ ದನಿ ಇದೆ, ಅದೂ ನಾಫ್ಲರ್ ದನಿಯಲ್ಲ. ಬ್ಯಾಂಡ್ ನುಡಿಸಿದ 'ಗೋಯಿಂಗ್ ಹೋಮ್' ಬೇಕಿದ್ದರೆ 1984ರ ಲೈವ್ ಆಲ್ಬಂ 'ಆಲ್ಕೆಮಿ'ಯ ಕೊನೆಯ ಟ್ರ್ಯಾಕ್ ಹಾಕಿ. ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ತಂಡ ತವರಿನ ಮೈದಾನಕ್ಕಿಳಿಯುವಾಗ ಮೊಳಗುವುದೂ ಇದೇ ಧುನ್. 2024ರ ಮಾರ್ಚ್‌ನಲ್ಲಿ ಅರವತ್ತಕ್ಕೂ ಹೆಚ್ಚು ಗಿಟಾರ್ ವಾದಕರು ಸೇರಿ ಹದಿಹರೆಯದ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಇದನ್ನು ಮತ್ತೆ ನುಡಿಸಿದರು. ಅದರ ಆರಂಭದಲ್ಲಿ ಕೇಳಿಸುವುದು ಗಿಟಾರ್ ವಾದಕ ಜೆಫ್ ಬೆಕ್ ಅವರ ಕೊನೆಯ ರೆಕಾರ್ಡಿಂಗ್.

'ಪ್ರಿನ್ಸೆಸ್ ಬ್ರೈಡ್' ಮತ್ತು ಟೋಪಿಯ ಕತೆ ನಿಜವೇ?

ನಿಜ. ನಿರ್ದೇಶಕ ರಾಬ್ ರೈನರ್ ತಮ್ಮ ಹಳೆಯ ಚಿತ್ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್'ನಲ್ಲಿ ಹಾಕಿದ್ದ ಟೋಪಿ ಹೊಸ ಚಿತ್ರದಲ್ಲಿ ಎಲ್ಲಾದರೂ ಕಾಣಿಸಿದರೆ ಮಾತ್ರ ಸಂಗೀತ ಮಾಡುತ್ತೇನೆ ಎಂದು ನಾಫ್ಲರ್ ಷರತ್ತು ಹಾಕಿದ್ದರು. ಹುಷಾರಿಲ್ಲದ ಹುಡುಗನ ಕೋಣೆಯಲ್ಲಿ ಅಂಥದೇ ಒಂದು ಟೋಪಿ ನೇತಾಡುತ್ತದೆ. ತಮಾಷೆಗೆ ಹೇಳಿದ್ದೆ ಎಂದು ನಾಫ್ಲರ್ ಆಮೇಲೆ ಹೇಳಿದರು.

ಚಿತ್ರದ 'ಸ್ಟೋರಿಬುಕ್ ಲವ್' ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು, ಆದರೆ ಅದನ್ನು ಬರೆದು ಹಾಡಿದ್ದು ವಿಲ್ಲಿ ಡೆವಿಲ್. ನಾಫ್ಲರ್ ಅದರ ನಿರ್ಮಾಪಕರು ಮಾತ್ರ. ಇದನ್ನು 'ನಾಫ್ಲರ್ ಆಸ್ಕರ್ ನಾಮನಿರ್ದೇಶನ' ಎಂದು ಬರೆಯುವುದು ತಪ್ಪು. ಉಳಿದ ಹಿನ್ನೆಲೆಯಲ್ಲಿ ಸಿಂಥಸೈಸರ್ ಪಾಲು ದೊಡ್ಡದು. ಕತ್ತಿವರಸೆಯ ದೃಶ್ಯಗಳಲ್ಲಿ ಅದು ಇವತ್ತಿನ ಕಿವಿಗೆ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸುವುದು ಸಹಜ.

'ಬ್ರದರ್ಸ್ ಇನ್ ಆರ್ಮ್ಸ್' ಯಾವ ಧಾರಾವಾಹಿಗಳಲ್ಲಿ ಬರುತ್ತದೆ?

ಮೂರು ಮುಖ್ಯ. 'ಮಯಾಮಿ ವೈಸ್'ನ 'ಔಟ್ ವೇರ್ ದ ಬಸಸ್ ಡೋಂಟ್ ರನ್' ಕಂತಿನ ಕೊನೆ (ಅಕ್ಟೋಬರ್ 1985). 'ದ ವೆಸ್ಟ್ ವಿಂಗ್' ಎರಡನೇ ಸೀಸನ್ನಿನ ಕೊನೆಯ ಕಂತು 'ಟೂ ಕೆಥೀಡ್ರಲ್ಸ್' (ಮೇ 2001). 'ದಿ ಅಮೆರಿಕನ್ಸ್'ನ ಕಟ್ಟಕಡೆಯ ಕಂತು (ಮೇ 2018). ಮೊದಲೆರಡರಲ್ಲಿ ಹಾಡು ಬರುವುದು ಕಂತಿನ ಕೊನೆಯ ಭಾಗದಲ್ಲಿ, ಮಾತು ಮುಗಿಯುತ್ತ ಬಂದಾಗ.

1982ರ ಫಾಕ್‌ಲ್ಯಾಂಡ್ ಯುದ್ಧದ ಕಾಲದಲ್ಲಿ ಹುಟ್ಟಿದ ಹಾಡು ಮಯಾಮಿಯ ಪೊಲೀಸರಿಗೂ ಅಮೆರಿಕದ ಅಧ್ಯಕ್ಷನಿಗೂ ಹೇಗೆ ಹೊಂದಿತು ಎಂದರೆ, ಅದರ ಕಟ್ಟೋಣವೇ ಹಾಗಿದೆ. ಮೊದಲು ಗುಡುಗು, ಕೀಬೋರ್ಡಿನ ದೀರ್ಘ ಸ್ವರ, ಗಿಟಾರ್. ಹಾಡುವ ದನಿ ಬರುವ ಹೊತ್ತಿಗೆ ಒಂದು ನಿಮಿಷ ದಾಟಿರುತ್ತದೆ. ಸಂಕಲನಕಾರನಿಗೆ ಇದು ಹಬ್ಬ, ಎಲ್ಲಿ ಬೇಕಾದರೂ ಕತ್ತರಿಸಿ ಜೋಡಿಸಬಹುದು. ದನಿ ಬಂದ ಮೇಲೂ ಗೊಣಗಿದಷ್ಟೇ ಸಣ್ಣದು. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ. ಆ ಸಂದಿಯಲ್ಲಿ ನಟನ ಮುಖ ಬಂದು ಕೂರುತ್ತದೆ.

'ವೆಸ್ಟ್ ವಿಂಗ್'ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮಳೆಯಲ್ಲಿ ತೊಯ್ದ ಅಧ್ಯಕ್ಷರ ಕಾರಿನ ಸಾಲು ಹೋಗುತ್ತಿರುತ್ತದೆ, ಅತ್ತ ಚರ್ಚಿನಲ್ಲಿ ಅವರು ಕಾಲಿನಿಂದ ಹೊಸಕಿದ್ದ ಸಿಗರೇಟು ತುಂಡನ್ನು ಕಸ ಗುಡಿಸುವವನು ಎತ್ತಿಕೊಳ್ಳುತ್ತಾನೆ. ಕೊನೆಗೆ ಪತ್ರಕರ್ತರ ಎದುರು ನಿಂತು, ಮತ್ತೊಮ್ಮೆ ಚುನಾವಣೆಗೆ ನಿಲ್ಲುತ್ತೀರಾ ಎಂಬ ಪ್ರಶ್ನೆಗೆ ಅವರು ಕೈಗಳನ್ನು ಜೇಬಿಗಿಳಿಸುತ್ತಾರೆ. ಉತ್ತರ ಅಷ್ಟೇ. ಹಿಂದಿನ ದೃಶ್ಯಗಳನ್ನು ನೋಡಿದವರಿಗೆ ಅದು 'ಹೌದು' ಎಂದು ಗೊತ್ತು. ಹಾಗಾಗಿ ಯೂಟ್ಯೂಬಿನಲ್ಲಿ ಕೊನೆಯ ತುಣುಕು ಮಾತ್ರ ನೋಡಿ 'ಏನಿದೆ ಇದರಲ್ಲಿ' ಅನ್ನಬೇಡಿ, ಕಂತು ಪೂರ್ತಿ ನೋಡಿ.

ತಮಾಷೆಗೆ ಬಳಸಿದ್ದು ಇದೆಯೇ?

'ಹಾಟ್ ಫಜ್' ಚಿತ್ರದಲ್ಲಿ (2007). ಊರಿನ ನಾಟಕದಲ್ಲಿ ರೋಮಿಯೋ–ಜೂಲಿಯೆಟ್ ಆಡಿದ ಜೋಡಿ ಸತ್ತ ಮರುದಿನ ಬೆಳಿಗ್ಗೆ ಸೂಪರ್‌ಮಾರ್ಕೆಟ್ ಮ್ಯಾನೇಜರ್ ಕಾರಿನಲ್ಲಿ ಬಂದು ನಿಲ್ಲುತ್ತಾನೆ, ಸ್ಟೀರಿಯೋದಲ್ಲಿ ಡೈರ್ ಸ್ಟ್ರೇಟ್ಸಿನ 'ರೋಮಿಯೋ ಅಂಡ್ ಜೂಲಿಯೆಟ್'. ಹಾಡೇ ಸುಳಿವು. ಹಾಡು ಗೊತ್ತಿಲ್ಲದವರಿಗೆ ಆ ನಗೆ ದಕ್ಕುವುದಿಲ್ಲ.

ಟೀವಿಗೆ ಶೀರ್ಷಿಕೆ ಗೀತೆ ಮಾಡಿದ್ದಾರೆಯೇ?

'ಔಫ್ ವೀಡರ್‌ಜೇನ್, ಪೆಟ್' ಧಾರಾವಾಹಿ 2002ರಲ್ಲಿ ಬಿಬಿಸಿಯಲ್ಲಿ ಮರಳಿ ಬಂದಾಗ 'ವೈ ಐ ಮ್ಯಾನ್' ಅದರ ಶೀರ್ಷಿಕೆ ಗೀತೆ. ಕೆಲಸ ಹುಡುಕಿ ಜರ್ಮನಿಗೆ ಹೋದ ಈಶಾನ್ಯ ಇಂಗ್ಲೆಂಡಿನ ಗಾರೆ ಕೆಲಸದವರ ಹಾಡು. ಶೀರ್ಷಿಕೆ ನ್ಯೂಕ್ಯಾಸಲ್ ಆಡುಮಾತು, ನಮ್ಮ 'ಹೂಂ ಮತ್ತೆ ಮಾರಾಯ' ಇದ್ದ ಹಾಗೆ.

'ಮನಿ ಫಾರ್ ನಥಿಂಗ್' ಟೀವಿಯನ್ನು ಹೊಗಳುತ್ತದೋ, ಬೈಯುತ್ತದೋ?

ಬೈಯುವುದು ಹಾಡಿದವರಲ್ಲ, ಹಾಡಿನೊಳಗಿನ ಪಾತ್ರ. ನ್ಯೂಯಾರ್ಕಿನ ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ಟೀವಿಗಳ ಮೇಲೆ ಸಂಗೀತ ವೀಡಿಯೋ ಓಡುತ್ತಿದ್ದಾಗ ಅಲ್ಲಿನ ಕೆಲಸಗಾರ ಆಡಿದ ಮಾತುಗಳನ್ನು ನಾಫ್ಲರ್ ಕೇಳಿಸಿಕೊಂಡು ಬರೆದದ್ದು. ಎಂಟಿವಿಯನ್ನು ಗೇಲಿ ಮಾಡುವ ಹಾಡು 1986ರಲ್ಲಿ ಎಂಟಿವಿಯದೇ ವರ್ಷದ ವೀಡಿಯೋ ಪ್ರಶಸ್ತಿ ಗೆದ್ದಿತು. 1987ರ ಆಗಸ್ಟ್ 1ರಂದು ಎಂಟಿವಿ ಯುರೋಪ್ ಶುರುವಾದಾಗ ಹಾಕಿದ ಮೊದಲ ವೀಡಿಯೋ ಕೂಡ ಇದೇ. ಇನ್ನೊಬ್ಬ ಗಾಯಕ ಸ್ಟಿಂಗ್ ಹೆಸರು ರಚನೆಕಾರರ ಸಾಲಿನಲ್ಲಿರುವುದು ಆರಂಭದ ಸಾಲಿನ ಮಟ್ಟು ಅವರದೇ ಹಳೆಯ ಹಾಡಿನದ್ದೆಂದು ಅವರ ಪ್ರಕಾಶಕರು ಪಟ್ಟು ಹಿಡಿದದ್ದರಿಂದ.

ಪಾತ್ರದ ಬಾಯಲ್ಲಿ ಬರುವ ಒಂದು ನಿಂದನೆಯ ಪದದಿಂದಾಗಿ 2011ರಲ್ಲಿ ಕೆನಡಾದ ಪ್ರಸಾರ ಮಾನದಂಡ ಮಂಡಳಿ ಮೂಲ ಆವೃತ್ತಿಗೆ ತಡೆ ಹಾಕಿ, ಅದೇ ವರ್ಷ ಸಡಿಲಿಸಿತು. ಟೀವಿ, ರೇಡಿಯೋದಲ್ಲಿ ಕೇಳಿದ್ದರಲ್ಲಿ ಆ ಚರಣ ಇಲ್ಲದಿದ್ದರೆ ನಿಮ್ಮ ನೆನಪು ತಪ್ಪಲ್ಲ, ಚಿಕ್ಕ ಆವೃತ್ತಿ ಬೇರೆಯೇ ಇದೆ.

ಡಿವಿಡಿ ಹಾಕಿಕೊಂಡು ಜೊತೆಗೆ ಗಿಟಾರ್ ನುಡಿಸಿದರೆ ಶ್ರುತಿ ಕೂಡುತ್ತಿಲ್ಲ. ಗಿಟಾರ್ ಕೆಟ್ಟಿದೆಯೇ?

ಗಿಟಾರ್ ಸರಿಯಿದೆ, ಡಿವಿಡಿ ಓಡುತ್ತಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್). ಭಾರತ, ಬ್ರಿಟನ್‌ನಲ್ಲಿ ಬಳಸುತ್ತಿದ್ದ ಪಾಲ್ ಪದ್ಧತಿಯ ಟೀವಿಗೆ 25. ಹೆಚ್ಚಿನ ಡಿವಿಡಿಗಳಲ್ಲಿ ಇಡೀ ಚಿತ್ರವನ್ನೇ ಶೇ 4ರಷ್ಟು ವೇಗ ಮಾಡಿಬಿಡುತ್ತಾರೆ. 111 ನಿಮಿಷದ 'ಲೋಕಲ್ ಹೀರೋ' ಸುಮಾರು 106 ನಿಮಿಷಕ್ಕೆ ಮುಗಿಯುತ್ತದೆ, ಜೊತೆಗೆ ಶ್ರುತಿ ಅರೆಸ್ವರದ ಮುಕ್ಕಾಲು ಪಾಲಿನಷ್ಟು ಏರುತ್ತದೆ. ಡಿ ಮೇಜರ್‌ನಲ್ಲಿರುವ ಧುನ್ ಡಿ ಶಾರ್ಪ್ ಕಡೆಗೆ ಜಾರಿ, ಯಾವ ಮನೆಗೂ ಸೇರದೆ ನಿಲ್ಲುತ್ತದೆ. ಕೇಪೋ (ಗಿಟಾರಿನ ಕುತ್ತಿಗೆಗೆ ಹಾಕಿ ಶ್ರುತಿ ಏರಿಸುವ ಕ್ಲಿಪ್) ಹಾಕಿದರೂ ಕೂಡದು, ಏಕೆಂದರೆ ಕೇಪೋ ಪೂರ್ತಿ ಅರೆಸ್ವರ ಏರಿಸುತ್ತದೆ.

ಪರಿಹಾರ: ಆಡಿಯೋ ತೆಗೆದು ಎಡಿಟರ್‌ನಲ್ಲಿ ವೇಗ 96 ಶೇಕಡಕ್ಕಿಳಿಸಿ. ವೇಗ, ಶ್ರುತಿ ಎರಡೂ ಒಟ್ಟಿಗೆ ಇಳಿಯುವ ಆಯ್ಕೆ ಬಳಸಿ. ಶ್ರುತಿ ಹಾಗೇ ಉಳಿಸುವ 'ಸ್ಟ್ರೆಚ್' ಒತ್ತಿದರೆ ಹಾಡು ನಿಧಾನವಾಗುತ್ತದೆ, ಅಪಶ್ರುತಿ ಅಲ್ಲೇ ಇರುತ್ತದೆ. 24 ಚೌಕಟ್ಟಿನ ಬ್ಲೂ-ರೇಯಲ್ಲಿ ಈ ತೊಂದರೆ ಇಲ್ಲ. ಎಲ್ಲಕ್ಕಿಂತ ಸುಲಭ, ಆಲ್ಬಂ ಹಾಕಿಕೊಂಡು ನುಡಿಸುವುದು.

ಆ ಗಿಟಾರ್ ನಾದ ನಮ್ಮ ಕೈಯಲ್ಲಿ ಬರುವುದು ಹೇಗೆ?

ಮೊದಲು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಗಿಡಿ. ನಾಫ್ಲರ್ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ನುಡಿಸುತ್ತಾರೆ, ಉಳಿದೆರಡು ಬೆರಳು ಗಿಟಾರಿನ ಮೈಮೇಲೆ ಊರಿರುತ್ತವೆ. ಉಗುರಲ್ಲ, ಚರ್ಮ. ಪಿಕ್ ಹಿಡಿದು ಅದೇ ಸ್ವರ ನುಡಿಸಿದರೆ ಸ್ವರ ಸರಿಯಿರುತ್ತದೆ, ಮಾತು ಅವರದ್ದಾಗಿರುವುದಿಲ್ಲ.

'ಸುಲ್ತಾನ್ಸ್'ಗೆ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಬ್ರಿಜ್ ಮತ್ತು ನಡುವಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಎರಡೂ ಒಟ್ಟಿಗೆ, ಆ್ಯಂಪ್‌ನಲ್ಲಿ ಒಡಕು ಬೇಡ. ಡಿ ಮೈನರ್ ಹಾಡು ಇದು. ಕೊನೆಯ ಓಟದಲ್ಲಿ ಡಿ ಮೈನರ್, ಬಿ ಫ್ಲಾಟ್, ಸಿ, ಮೂರೇ ಮೂರು ಕಾರ್ಡಿನ ಬಿಡಿ ಸ್ವರಗಳು. ಎಡಗೈ ಕಷ್ಟ ಎಂದು ಎಲ್ಲರೂ ತಿಳಿಯುತ್ತಾರೆ, ಕಷ್ಟ ಬಲಗೈಯದು. ಅರ್ಧ ವೇಗದಲ್ಲಿ ಬೆರಳು ಸಮ ಬೀಳುವ ತನಕ ಮುಂದೆ ಹೋಗಬೇಡಿ.

'ರೋಮಿಯೋ ಅಂಡ್ ಜೂಲಿಯೆಟ್'ಗೆ ಓಪನ್ ಜಿ: ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ, ಮೂರನೇ ಫ್ರೆಟ್‌ನಲ್ಲಿ ಕೇಪೋ. ಆರು, ಐದು, ಒಂದನೇ ತಂತಿಗಳನ್ನು ಒಂದೊಂದು ಪೂರ್ಣಸ್ವರ ಇಳಿಸಬೇಕು. ಇಳಿಸಿದ ಕೂಡಲೇ ನುಡಿಸಿದರೆ ತಂತಿ ಮತ್ತೆ ಮೇಲಕ್ಕೆಳೆಯುತ್ತದೆ. ಬೇಕಾದ್ದಕ್ಕಿಂತ ಇನ್ನೂ ಕೆಳಗಿಳಿಸಿ, ತಂತಿ ಒಮ್ಮೆ ಎಳೆದುಬಿಟ್ಟು, ಮೇಲಕ್ಕೆ ತಿರುಗಿಸಿ ನಿಲ್ಲಿಸಿ. ಕೇಪೋ ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿ.

'ಬ್ರದರ್ಸ್ ಇನ್ ಆರ್ಮ್ಸ್' ಥರ ಸ್ವರ ಮೊಳೆತು ಬರಬೇಕಾದರೆ ವಾಲ್ಯೂಮ್ ಪೆಡಲ್ ಬೇಕು. ಅದು ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್‌ಗಿಂತ ಮೊದಲಿರಬೇಕು. ಆಮೇಲಿಟ್ಟರೆ ಪಾದ ಎತ್ತಿದ ಕ್ಷಣ ಸ್ವರದ ಬಾಲವೂ ಕತ್ತರಿಸಿ ಹೋಗುತ್ತದೆ. ತಂತಿ ಮೀಟುವಾಗ ಪೆಡಲ್ ಪೂರ್ತಿ ಮುಚ್ಚಿರಲಿ, ಮೀಟಿದ ಮೇಲೆ ತೆರೆಯಿರಿ.

'ಮನಿ ಫಾರ್ ನಥಿಂಗ್' ನಾದ ಯಾಕೆ ಯಾರಿಗೂ ಸಿಗುವುದಿಲ್ಲ? ನಾದದ ಬಣ್ಣ ಬದಲಿಸುವ ವಾ ಪೆಡಲನ್ನು ನಡುವೆ ಎಲ್ಲೋ ನಿಲ್ಲಿಸಿ ಲೆಸ್ ಪಾಲ್ ಗಿಟಾರ್ ನುಡಿಸಿದ್ದು ಅರ್ಧ ಕಾರಣ. ಇನ್ನರ್ಧ ಆಕಸ್ಮಿಕ. ಮಾಂಟ್ಸೆರಾಟ್ ದ್ವೀಪದ ಸ್ಟುಡಿಯೋದಲ್ಲಿ ಮೈಕ್ ಇಡುತ್ತಿದ್ದಾಗ ಒಂದು ನೆಲ ನೋಡುತ್ತಿತ್ತು, ಇನ್ನೊಂದು ಸ್ಪೀಕರ್‌ನ ಎದುರು ಸರಿಯಾಗಿ ಬಂದಿರಲಿಲ್ಲ. ಅಷ್ಟರಲ್ಲೇ ಒಳಗೆ ಆ ಶಬ್ದ ಕೇಳಿಸಿತು, ಎಂಜಿನಿಯರ್ ನೀಲ್ ಡಾರ್ಫ್‌ಸ್ಮನ್ ಹಾಗೇ ಬಿಡಿಸಿದರು. ಮನೆಯಲ್ಲಿ ಪ್ರಯತ್ನಿಸುವವರು ಹೊಸ ಪೆಡಲ್ ಕೊಳ್ಳುವ ಮೊದಲು ಮೈಕ್ ತಿರುಗಿಸಿ ನೋಡುವುದು ಅಗ್ಗ.

'ಬ್ರದರ್ಸ್ ಇನ್ ಆರ್ಮ್ಸ್' ಎಲ್‌ಪಿ ಕೊಳ್ಳುವುದೋ, ಸೀಡಿಯೋ?

1985ರ ಒಂಟಿ ಎಲ್‌ಪಿಯಲ್ಲಿ ಮೊದಲ ಬದಿಯ ಹಾಡುಗಳನ್ನು ಜಾಗ ಸಾಲದೆ ಕತ್ತರಿಸಿದ್ದಾರೆ. ಸೀಡಿಯಲ್ಲಿ ಎಂಟೂವರೆ ನಿಮಿಷವಿರುವ 'ವೈ ವರಿ' ಅಲ್ಲಿ ಐದೂಕಾಲರ ಆಸುಪಾಸು. 'ಮನಿ ಫಾರ್ ನಥಿಂಗ್' ಎಂಟು ನಿಮಿಷ ದಾಟಿದ್ದು ಏಳಕ್ಕಿಳಿದಿದೆ. ವಿನೈಲೇ ಬೇಕೆಂದರೆ ಎರಡು ಎಲ್‌ಪಿಯ ಮರುಮುದ್ರಣ ಹುಡುಕಿ.

ನಮ್ಮ ಕಿರುಚಿತ್ರಕ್ಕೆ ಅವರ ಹಾಡು ಬಳಸಬಹುದೇ? ಮೂವತ್ತು ಸೆಕೆಂಡಾದರೆ ಫ್ರೀ ಅಂತಾರಲ್ಲ?

ಮೂವತ್ತು ಸೆಕೆಂಡಿನ ವಿನಾಯಿತಿ ಎಂಬುದು ಕಾನೂನಿನಲ್ಲಿ ಇಲ್ಲ. ಎರಡು ಒಪ್ಪಿಗೆ ಬೇಕು: ಹಾಡಿನ ರಚನೆಗೆ ಪ್ರಕಾಶಕರಿಂದ, ರೆಕಾರ್ಡಿಂಗ್‌ಗೆ ಅದರ ಮಾಲೀಕ ಕಂಪನಿಯಿಂದ. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಏನೂ ಸಿಗಲಿಲ್ಲ ಎಂದೇ ಲೆಕ್ಕ. ಡೈರ್ ಸ್ಟ್ರೇಟ್ಸ್ ಆಲ್ಬಂಗಳನ್ನು ಅಮೆರಿಕದಲ್ಲಿ ಹೊರತಂದದ್ದು ವಾರ್ನರ್, ಬ್ರಿಟನ್‌ನಲ್ಲಿ ವರ್ಟಿಗೊ. ಹೀಗಾಗಿ ಒಪ್ಪಿಗೆ ಯಾವ ಯಾವ ದೇಶಕ್ಕೆ ಎಂಬುದನ್ನೂ ಪತ್ರದಲ್ಲಿ ಬರೆಸಿಕೊಳ್ಳಬೇಕು.

'ನಾವೇ ನುಡಿಸುತ್ತೇವೆ' ಅಂದರೆ ರೆಕಾರ್ಡಿಂಗ್ ಒಪ್ಪಿಗೆ ತಪ್ಪುತ್ತದೆ, ರಚನೆಯದು ತಪ್ಪುವುದಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಕವರ್ (ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿ ಮುದ್ರಿಸುವ) ಪರವಾನಗಿ ಧ್ವನಿಮುದ್ರಣಕ್ಕೆ ಮಾತ್ರ, ಚಿತ್ರದ ಮೇಲೆ ಕೂರಿಸುವುದಕ್ಕಲ್ಲ. ಅದಕ್ಕೂ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಬೇಕು. ಹಾಡು ಹಳೆಯದಾಯಿತು ಎಂದು ಕಾಯುವುದೂ ವ್ಯರ್ಥ, ರಚನೆಕಾರ ತೀರಿಹೋದ ಮೇಲೂ ಭಾರತದಲ್ಲಿ 60 ವರ್ಷ ರಕ್ಷಣೆ ಇದೆ.

ಬಹಳ ಜನ ಎಡವುವುದು ಸಂಕಲನದ ಮೇಜಿನ ಮೇಲೆ. ತಾತ್ಕಾಲಿಕ ಎಂದು 'ಗೋಯಿಂಗ್ ಹೋಮ್' ಹಾಕಿಕೊಂಡು ದೃಶ್ಯ ಕತ್ತರಿಸುತ್ತಾರೆ. ಎರಡು ತಿಂಗಳಲ್ಲಿ ಕಿವಿ ಒಗ್ಗಿಹೋಗುತ್ತದೆ, ಆಮೇಲೆ ಬಂದ ಸಂಗೀತಗಾರ ಏನು ಕೊಟ್ಟರೂ ಸಪ್ಪೆ. ಕೊಳ್ಳಲಾಗದ ಹಾಡನ್ನು ಎಡಿಟ್‌ಗೇ ತರಬೇಡಿ.

ಬೆಂಗಳೂರಿಗೆ ಬಂದಿದ್ದರೇ?

2005ರ ಮಾರ್ಚ್‌ನಲ್ಲಿ 'ಶಾಂಗ್ರಿ-ಲಾ' ಪ್ರವಾಸದ ಭಾಗವಾಗಿ ಅರಮನೆ ಮೈದಾನದಲ್ಲಿ ನುಡಿಸಿದರು. ಎರಡು ವರ್ಷ ಮೊದಲು, 2003ರಲ್ಲಿ ಲಂಡನ್ನಿನಲ್ಲಿ ಮೋಟರ್‌ಬೈಕ್ ಅಪಘಾತವಾಗಿ ಕೊರಳೆಲುಬು, ಹೆಗಲ ಮೂಳೆ, ಏಳು ಪಕ್ಕೆಲುಬು ಮುರಿದುಕೊಂಡಿದ್ದರು.

ಆ ಗಿಟಾರ್‌ಗಳು ಈಗ ಎಲ್ಲಿವೆ?

ಹಲವು ಬೇರೆಯವರ ಕೈಯಲ್ಲಿ. 2024ರ ಜನವರಿ 31ರಂದು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ 120ಕ್ಕೂ ಹೆಚ್ಚು ಗಿಟಾರ್, ಆ್ಯಂಪ್ ಹರಾಜಾಗಿ ಒಟ್ಟು 88 ಲಕ್ಷ ಪೌಂಡ್ ದಾಟಿತು. 'ಮನಿ ಫಾರ್ ನಥಿಂಗ್', 'ಬ್ರದರ್ಸ್ ಇನ್ ಆರ್ಮ್ಸ್' ನುಡಿಸಿದ 1983ರ ಲೆಸ್ ಪಾಲ್ 5,92,200 ಪೌಂಡ್‌ಗೆ ಹೋಯಿತು. ಮೊತ್ತದ ಕಾಲು ಭಾಗ ದಾನಕ್ಕೆ.

'ಲೋಕಲ್ ಹೀರೋ'ದ ಟೆಲಿಫೋನ್ ಬೂತ್ ನೋಡಲು ಹೋಗಬಹುದೇ?

ಹೋಗಬಹುದು, ಸ್ವಲ್ಪ ಲೆಕ್ಕ ಹಾಕಿ. ಹಳ್ಳಿಯ ದೃಶ್ಯಗಳನ್ನು ತೆಗೆದದ್ದು ಸ್ಕಾಟ್ಲೆಂಡಿನ ಈಶಾನ್ಯ ತೀರದ ಪೆನ್ನನ್‌ನಲ್ಲಿ: ಬಂಡೆಗೂ ಕಡಲಿಗೂ ನಡುವೆ ಒಂದೇ ಸಾಲು ಮನೆ. ಕಡಲ ದಂಡೆಯ ದೃಶ್ಯಗಳು ಅಲ್ಲಿಯವಲ್ಲ. ಅವು ದೇಶದ ಆಚೆ ತುದಿಯ ಪಶ್ಚಿಮ ತೀರದಲ್ಲಿ, ಅರಿಸೇಗ್ ಮತ್ತು ಮೊರಾರ್ ನಡುವಿನ ಕ್ಯಾಮಸ್‌ಡರಾಕ್‌ನಲ್ಲಿವೆ. ಒಂದೇ ದಿನಕ್ಕೆ ಎರಡನ್ನೂ ಹಾಕಿಕೊಂಡರೆ ರಸ್ತೆಯಲ್ಲೇ ಕತ್ತಲಾಗುತ್ತದೆ. ಚಿತ್ರದಲ್ಲಿದ್ದ ಬೂತ್ ಕಲಾ ವಿಭಾಗದವರು ಮಾಡಿ ನಿಲ್ಲಿಸಿದ್ದು, ಶೂಟಿಂಗ್ ಮುಗಿದ ಮೇಲೆ ತೆಗೆದುಬಿಟ್ಟರು. ಈಗ ಜನ ಫೋಟೋ ತೆಗೆಸಿಕೊಳ್ಳುವ ಪೆನ್ನನ್ ಬೂತ್ ಊರಿನದೇ, ಸ್ವಲ್ಪ ಬೇರೆ ಜಾಗದಲ್ಲಿದೆ.